ಮನೆ ತೆರಿಗೆ ಜಾಸ್ತಿ ಬಂತಾ? ಪಂಚಾಯತಿನ ಲೆಕ್ಕವನ್ನು ಪ್ರಶ್ನಿಸುವುದು ಹೇಗೆ: ಕಾಸರಗೋಡಿನವರಿಗೊಂದು ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಪಂಚಾಯತಿನಿಂದ ಒಂದು ನೋಟೀಸು ಬಂತು. ಅಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟು ಮರೆತೇಬಿಟ್ಟಿದ್ದರು. ನನ್ನ ಕಣ್ಣಿಗೆ ಬೀಳುವಾಗ ಹನ್ನೊಂದು ದಿನ ಕಳೆದಿತ್ತು. ಓದಿದರೆ ಮನೆಯ ವಿಸ್ತೀರ್ಣ 168 ಚದರ ಮೀಟರ್ ಅಂತ ಇದೆ. ನಮ್ಮ ಮನೆ ಅಷ್ಟು ದೊಡ್ಡದಲ್ಲ. ಅಜ್ಜನ ಕಾಲದಲ್ಲಿ ಪಡುವಣ ಬದಿಗೆ ಹಂಚಿನ ಮಾಡಿನ ಒಂದು ಭಾಗ ಇತ್ತು. ಹಳೆ ಅಡುಗೆ ಕೋಣೆ, ಬಚ್ಚಲು, ಸೌದೆ ಇಡುವ ಜಾಗ ಎಲ್ಲ ಅಲ್ಲೇ. ಅದು ಒಂದು ಮಳೆಗಾಲದಲ್ಲಿ ಕುಸಿದು ಬಿದ್ದು ಎಷ್ಟೋ ವರ್ಷ ಆಯಿತು. ಈಗ ಅಲ್ಲಿ ಅಮ್ಮನ ಬಸಳೆ ಚಪ್ಪರ ಇದೆ. ಆದರೆ ರಿಜಿಸ್ಟರಿನಲ್ಲಿ ಆ ಗೋಡೆಗಳು ಇನ್ನೂ ನಿಂತೇ ಇದ್ದವು. ನಾವು ಅದಕ್ಕೂ ತೆರಿಗೆ ಕಟ್ಟುತ್ತಾ ಬಂದಿದ್ದೆವು.

ಅದನ್ನು ಸರಿ ಮಾಡಿಸಲು ನನಗೆ ಸುಮಾರು ನಾಲ್ಕು ತಿಂಗಳು ಹಿಡಿಯಿತು. ಕೆಲಸ ಕಷ್ಟದ್ದೇನಲ್ಲ, ಯಾವುದರ ನಂತರ ಯಾವುದು ಅಂತ ಮೊದಲೇ ಗೊತ್ತಿದ್ದರೆ ಎರಡು ತಿಂಗಳಲ್ಲಿ ಮುಗಿಯುತ್ತಿತ್ತು ಅಂತ ನನ್ನ ಅಂದಾಜು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳಲ್ಲಿ ನೋಟೀಸು ಮಲಯಾಳದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಜನ ಅದನ್ನು ಓದದೆ ಸುಮ್ನೆ ಹಣ ಕಟ್ಟಿ ಬರುತ್ತಾರೆ. ಹಾಗೆ ಮಾಡಬೇಡಿ.

ಮೊದಲು ಇದು ಯಾವ ತೆರಿಗೆ ಅಂತ ನೋಡಿ

ನಮ್ಮಲ್ಲಿ ಮನೆ ಇದ್ದವರಿಗೆ ಮೂರು ಬೇರೆ ಬೇರೆ ತೆರಿಗೆ ಬರುತ್ತದೆ. ಮೂರನ್ನೂ ಜನ "ಮನೆ ತೆರಿಗೆ" ಅಂತಲೇ ಕರೆಯುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಜಾಗಕ್ಕೆ ಕಟ್ಟುವ ಭೂಕಂದಾಯ ವಿಲ್ಲೇಜ್ ಆಫೀಸಿನದ್ದು. ಮನೆ ಕಟ್ಟಿ ಮುಗಿಸಿದಾಗ ಒಂದೇ ಸಲ ಬರುವ ಕಟ್ಟಡ ತೆರಿಗೆಯೂ ಕಂದಾಯ ಇಲಾಖೆಯದ್ದೇ. ಅದು ಕೇರಳದ 1975ರ ಕಟ್ಟಡ ತೆರಿಗೆ ಕಾನೂನಿನ ಪ್ರಕಾರ ತಹಸೀಲ್ದಾರರು ಹಾಕುವಂಥದ್ದು, ವಾಸದ ಮನೆ 100 ಚದರ ಮೀಟರಿಗಿಂತ ದೊಡ್ಡದಿದ್ದರೆ ಮಾತ್ರ ಬರುತ್ತದೆ. ಅದರಲ್ಲಿ ತಪ್ಪಿದ್ದರೆ ಅಪೀಲು ಹೋಗಬೇಕಾದದ್ದು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಹತ್ತಿರ. ಮೂರನೆಯದು ಪಂಚಾಯತಿಗೋ ಮುನಿಸಿಪಾಲಿಟಿಗೋ ಪ್ರತಿ ವರ್ಷ ಕಟ್ಟುವ ತೆರಿಗೆ. ಮಲಯಾಳದಲ್ಲಿ ಇದಕ್ಕೆ "ವಸ್ತು ನಿಕುತಿ" ಅಥವಾ "ಕೆಟ್ಟಿಡ ನಿಕುತಿ" ಅನ್ನುತ್ತಾರೆ. ನಾನು ಇಲ್ಲಿ ಹೇಳುತ್ತಿರುವುದು ಈ ಮೂರನೆಯದರ ವಿಷಯ.

ನಾನು ಮೊದಲ ದಿನ ಹೋಗಿ ನಿಂತದ್ದು ವಿಲ್ಲೇಜ್ ಆಫೀಸಿನಲ್ಲಿ. ಅರ್ಧ ದಿನ ಹೋಯಿತು. ನಿಮ್ಮ ನೋಟೀಸಿನಲ್ಲಿ ಪಂಚಾಯತ್ ಸೆಕ್ರೆಟರಿಯ ಸಹಿ ಇದ್ದರೆ ನಿಮ್ಮ ದಾರಿ ಪಂಚಾಯತಿಗೆ.

ನೋಟೀಸು ಮಲಯಾಳದಲ್ಲಿದ್ದರೆ ಹುಡುಕಬೇಕಾದ ನಾಲ್ಕೈದು ಮಾತು ಇಷ್ಟೇ. "ತರ ವಿಸ್ತೀರ್ಣಂ" ಅಂದರೆ ಕಟ್ಟಡದ ತಳದ ವಿಸ್ತೀರ್ಣ. "ಅರ್ಧವರ್ಷಂ" ಅಂದರೆ ಆರು ತಿಂಗಳ ಕಂತು, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಒಂದು, ಅಕ್ಟೋಬರಿನಿಂದ ಮಾರ್ಚಿನವರೆಗೆ ಇನ್ನೊಂದು. "ಕುಡಿಶ್ಶಿಕ" ಅಂದರೆ ಹಳೆ ಬಾಕಿ. "ಪಿಳಪ್ಪಲಿಶ" ಅಂದರೆ ತಡವಾದದ್ದಕ್ಕೆ ಹಾಕುವ ಬಡ್ಡಿ. ಮೊದಲು ಈ ಮಾತುಗಳ ಎದುರಿಗೆ ಇರುವ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ನೋಟೀಸು ಕೈಗೆ ಸಿಕ್ಕಿದ ತಾರೀಕನ್ನೂ ಅದರ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ. ಅಪೀಲು ಕೊಡಲು ನಿಮಗಿರುವ 30 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ. ಅಂಚೆಯಲ್ಲಿ ಬಂದದ್ದಾದರೆ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಮುದ್ರೆ ಮುಂದೆ ಬೇಕಾಗಬಹುದು.

ತೆರಿಗೆ ಹೇಗೆ ಲೆಕ್ಕ ಆಗುತ್ತದೆ

ಮೊದಲು ಬಾಡಿಗೆ ಎಷ್ಟು ಬರಬಹುದು ಅನ್ನುವ ಅಂದಾಜಿನ ಮೇಲೆ ತೆರಿಗೆ ಹಾಕುತ್ತಿದ್ದರು. 2011ರ ನಿಯಮ ಬಂದ ಮೇಲೆ ವಿಸ್ತೀರ್ಣವೇ ಆಧಾರ. ಒಂದು ಚದರ ಮೀಟರಿಗೆ ವರ್ಷಕ್ಕೆ ಇಂತಿಷ್ಟು ರೂಪಾಯಿ ಅಂತ ದರ ಇರುತ್ತದೆ. ಸರ್ಕಾರ ಕನಿಷ್ಠ ಮತ್ತು ಗರಿಷ್ಠ ಮಿತಿ ಇಡುತ್ತದೆ, ಅದರ ಒಳಗೆ ಎಷ್ಟು ಅನ್ನುವುದನ್ನು ಆಯಾ ಪಂಚಾಯತಿನ ಆಡಳಿತ ಸಮಿತಿ ತೀರ್ಮಾನಿಸುತ್ತದೆ. 2023ರ ಪರಿಷ್ಕರಣೆಯಲ್ಲಿ ಗ್ರಾಮ ಪಂಚಾಯತಿನ ವಾಸದ ಮನೆಗೆ, 300 ಚದರ ಮೀಟರಿನವರೆಗೆ, ಈ ಮಿತಿ 6ರಿಂದ 10 ರೂಪಾಯಿ. ಅದಕ್ಕಿಂತ ದೊಡ್ಡ ಮನೆಗೆ ದರ ಜಾಸ್ತಿ. ಕಾಸರಗೋಡು, ಕಾಞಂಗಾಡು, ನೀಲೇಶ್ವರದಂಥ ಮುನಿಸಿಪಾಲಿಟಿಗಳಲ್ಲೂ ಜಾಸ್ತಿ.

ಈ ಮೂಲ ತೆರಿಗೆಯ ಮೇಲೆ ಕೆಲವು ವಿಷಯ ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ. ಮನೆ ಪ್ರಾಥಮಿಕ, ದ್ವಿತೀಯ, ತೃತೀಯ ಅನ್ನುವ ಮೂರು ವಲಯಗಳಲ್ಲಿ ಎಲ್ಲಿದೆ, ಮನೆಗೆ ಬರುವ ದಾರಿ ಎಷ್ಟು ಅಗಲ, ಮಾಡು ಯಾವುದರದ್ದು, ನೆಲ ಯಾವುದರದ್ದು, ಕಟ್ಟಡ ಎಷ್ಟು ಹಳೆಯದು, ಇಂಥವು. ಕೊನೆಗೆ ಅದರ ಮೇಲೆ 5% ಗ್ರಂಥಾಲಯ ಸೆಸ್ ಸೇರುತ್ತದೆ.

ಇದರಲ್ಲಿ ಎರಡು ಮಾತು ಗಟ್ಟಿಯಾಗಿ ನೆನಪಿಡಿ. ಒಂದು, 2023ರ ಏಪ್ರಿಲಿನಿಂದ ತೆರಿಗೆ ಪ್ರತಿ ವರ್ಷ 5% ಏರುತ್ತದೆ. ಕಳೆದ ವರ್ಷ 1,000 ರೂಪಾಯಿ ಇದ್ದದ್ದು ಈ ವರ್ಷ 1,050 ಆದರೆ ಅದು ತಪ್ಪಲ್ಲ, ಅದಕ್ಕೆ ಅಪೀಲು ಹಾಕಿ ಪ್ರಯೋಜನವಿಲ್ಲ. ಎರಡು, 60 ಚದರ ಮೀಟರಿನ ಒಳಗಿನ, ಮಾಲೀಕರೇ ವಾಸ ಮಾಡುವ ಮನೆಗೆ ಈ ತೆರಿಗೆಯಿಂದ ವಿನಾಯಿತಿ ಇದೆ. 60 ಚದರ ಮೀಟರ್ ಅಂದರೆ ಸುಮಾರು 646 ಚದರ ಅಡಿ. ಒಬ್ಬರಿಗೆ ಒಂದೇ ಮನೆಗೆ ಈ ಲಾಭ, ಫ್ಲಾಟುಗಳಿಗೆ ಇಲ್ಲ. ಕಾಲನಿಗಳಲ್ಲಿ, ಯೋಜನೆಯ ಮನೆಗಳಲ್ಲಿ ಇರುವ ಎಷ್ಟೋ ಹಿರಿಯರಿಗೆ ಇದು ಗೊತ್ತೇ ಇಲ್ಲ. ನಿಮ್ಮ ನೆರೆಕರೆಯಲ್ಲಿ ಅಂಥವರಿದ್ದರೆ ದಯವಿಟ್ಟು ಹೋಗಿ ಹೇಳಿ.

ಹಾಗಾದರೆ ನಾವು ಪ್ರಶ್ನಿಸಬಹುದಾದದ್ದು ಯಾವುದು? ದರ ಅಲ್ಲ. ದರ ಸಮಿತಿಯ ತೀರ್ಮಾನ. ನಮ್ಮ ಮನೆಯ ಬಗ್ಗೆ ರಿಜಿಸ್ಟರಿನಲ್ಲಿ ಬರೆದ ವಿವರ ತಪ್ಪಾಗಿದ್ದರೆ ಅದನ್ನು ಪ್ರಶ್ನಿಸಬಹುದು, ಮತ್ತು ಹೆಚ್ಚಿನ ಸಲ ತಪ್ಪು ಇರುವುದೂ ಅಲ್ಲೇ. ವಿಸ್ತೀರ್ಣ ಜಾಸ್ತಿ ಬರೆದಿರುವುದು, ಬಿದ್ದುಹೋದ ಭಾಗ ಉಳಿದಿರುವುದು, ಚದರ ಅಡಿಯನ್ನು ಮೀಟರಿಗೆ ತರುವಾಗ ಎಡವಿರುವುದು, ವಾಸದ ಮನೆಯನ್ನು ಅಂಗಡಿ ಅಂತ ಹಾಕಿರುವುದು, ಕಾಲುದಾರಿ ಮಾತ್ರ ಇರುವ ಮನೆಗೆ ಅಗಲದ ರಸ್ತೆ ಅಂತ ತೋರಿಸಿರುವುದು, ಒಂದೇ ಮನೆಗೆ ಹಳೆ ನಂಬ್ರದಲ್ಲೊಂದು ಹೊಸ ನಂಬ್ರದಲ್ಲೊಂದು ಅಂತ ಎರಡು ಸಲ ತೆರಿಗೆ ಬಂದಿರುವುದು. ವಾರ್ಡುಗಳ ಗಡಿ ಬದಲಾಗಿರುವುದರಿಂದ ಈ ಕೊನೆಯದರ ಮೇಲೆ ಈಗ ವಿಶೇಷವಾಗಿ ಕಣ್ಣಿಡಬೇಕು.

"ಪಕ್ಕದ ಮನೆಯವರಿಗೆ ಕಡಿಮೆ ಬಂದಿದೆ" ಅನ್ನುವುದು ಒಂದು ಕಾರಣವಾಗಿ ನಿಲ್ಲುವುದಿಲ್ಲ. ಆದರೆ ಅವರ ವಲಯ, ದಾರಿ ಎಲ್ಲ ನಿಮ್ಮದೇ ಆಗಿದ್ದೂ ನಿಮಗೆ ಬೇರೆ ಹಾಕಿದ್ದಾರೆ ಅಂತಾದರೆ ಅದನ್ನು ತೋರಿಸಬಹುದು.

ನಿಮ್ಮ ಮನೆಯ ದಾಖಲೆಯ ಪ್ರತಿ ತೆಗೆಯಿರಿ

ನೋಟೀಸಿನಲ್ಲಿ ಒಟ್ಟು ಮೊತ್ತ, ವಿಸ್ತೀರ್ಣ ಇರುತ್ತದೆ, ಆದರೆ ಆ ಅಂಕಿ ಎಲ್ಲಿಂದ ಬಂತು ಅಂತ ಇರುವುದಿಲ್ಲ. ಅದಕ್ಕೆ ನಿಮ್ಮ ಕಟ್ಟಡದ ತೆರಿಗೆ ನಿರ್ಣಯದ ರಿಜಿಸ್ಟರಿನ ಪ್ರತಿ ಬೇಕು. ಮನೆ ನಂಬ್ರ, ವಾರ್ಡು ಹೇಳಿದರೆ "ಸಂಚಯ" ಪೋರ್ಟಲಿನಲ್ಲಿ ಒಡೆತನ ಪತ್ರ ಮತ್ತು ಬಾಕಿಯ ವಿವರ ನೋಡಬಹುದಿತ್ತು. ಈಗ ಈ ಸೇವೆಗಳು "ಕೆ-ಸ್ಮಾರ್ಟ್" ಅನ್ನುವ ಹೊಸ ಪೋರ್ಟಲಿಗೆ ಬಂದಿವೆ, ಮುನಿಸಿಪಾಲಿಟಿಗಳಲ್ಲಿ 2024ರ ಜನವರಿಯಿಂದ, ಗ್ರಾಮ ಪಂಚಾಯತುಗಳಲ್ಲಿ 2025ರ ಏಪ್ರಿಲಿನಿಂದ. ನಿಮಗೆ ಆಗದಿದ್ದರೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ (ಸರ್ಕಾರದ ಕಂಪ್ಯೂಟರ್ ಸೇವಾ ಕೇಂದ್ರ) ತೆಗೆದುಕೊಡುತ್ತಾರೆ.

ಪೂರ್ತಿ ಲೆಕ್ಕ ಬೇಕಾದರೆ ಪಂಚಾಯತಿನ ಫ್ರಂಟ್ ಆಫೀಸಿನಲ್ಲಿ ಬರೆದು ಕೇಳಿ. "ನಾಳೆ ಬನ್ನಿ" ಅನ್ನುವ ಮಾತು ಎರಡನೇ ಸಲ ಬಂದರೆ ಮೂರನೇ ಸಲ ಹೋಗಬೇಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ಆಯಿತು, 30 ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲಿ ಹೀಗೆ ಕೇಳಿ: ಇಂಥ ನಂಬ್ರದ ಮನೆಯ ವಿಸ್ತೀರ್ಣ, ವಲಯ, ದಾರಿಯ ಅಗಲ, ಮಾಡು, ಕಟ್ಟಡದ ವಯಸ್ಸು ಏನೆಂದು ದಾಖಲಾಗಿದೆ, ಅಳತೆ ಯಾವ ದಿನ ಮಾಡಿದ್ದು, ಅದರ ವರದಿಯ ಪ್ರತಿ ಕೊಡಿ.

ಆದರೆ ಒಂದು ಎಚ್ಚರ. ಈ ಉತ್ತರಕ್ಕೆ ಕಾಯುತ್ತಾ ಅಪೀಲಿನ 30 ದಿನ ದಾಟಿಸಬೇಡಿ. ಎರಡೂ ಒಟ್ಟಿಗೆ ನಡೆಯಲಿ.

ಮನೆ ಅಳೆಯುವುದು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. 30 ಮೀಟರಿನ ಟೇಪ್ ತನ್ನಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೆಂದರೆ ಮೇಸ್ತ್ರಿಗಳ ಹತ್ತಿರ ಕೇಳಿದರೂ ಕೊಡುತ್ತಾರೆ. ಒಬ್ಬರೇ ಅಳೆಯಲು ಆಗುವುದಿಲ್ಲ. ನಾನು ಮತ್ತು ತಮ್ಮ ಒಂದು ಭಾನುವಾರ ಮಳೆ ಬಿಟ್ಟ ಹೊತ್ತಿನಲ್ಲಿ ಅಳೆದೆವು.

ಅಳೆಯಬೇಕಾದದ್ದು ಹೊರಗಿನಿಂದ. ಗೋಡೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಕೆಂಪುಕಲ್ಲಿನ ಗೋಡೆ, ಸಾರಣೆ ಸೇರಿದರೆ ಮುಕ್ಕಾಲು ಅಡಿಗಿಂತ ಕಡಿಮೆ ಇರುವುದಿಲ್ಲ. ಒಳಗಿನಿಂದ ಕೋಣೆ ಕೋಣೆ ಅಳೆದು ಕೂಡಿಸಿದರೆ ಅಂಕಿ ಚಿಕ್ಕದಾಗಿ ಬರುತ್ತದೆ. ಆಮೇಲೆ ಓವರ್‌ಸಿಯರ್ ಬಂದು ಹೊರಗಿನಿಂದ ಅಳೆದಾಗ ನಿಮ್ಮ ಲೆಕ್ಕವೇ ತಪ್ಪು ಅಂತಾಗುತ್ತದೆ. ಆಗ ನಿಮ್ಮ ಉಳಿದ ಮಾತಿಗೂ ಬೆಲೆ ಕಡಿಮೆ ಆಗುತ್ತದೆ.

ಮನೆ ಎಲ್ಲ ಕಡೆ ಒಂದೇ ಆಕಾರದಲ್ಲಿ ಇರುವುದಿಲ್ಲ ಅಲ್ವಾ, ಅದನ್ನು ಚೌಕ ಚೌಕವಾಗಿ ಒಡೆದುಕೊಳ್ಳಿ. ನಮ್ಮದು ಎರಡು ತುಂಡು. ದೊಡ್ಡ ಭಾಗ 11 ಮೀಟರ್ ಉದ್ದ 9 ಮೀಟರ್ ಅಗಲ, 99 ಚದರ ಮೀಟರ್. ಅಡುಗೆ ಕೋಣೆಯ ಬದಿ 5.5 ಮತ್ತು 4, ಅದು 22. ಒಟ್ಟು 121. ರಿಜಿಸ್ಟರಿನ 168ರಿಂದ ಇದನ್ನು ಕಳೆದರೆ 47 ಉಳಿಯಿತು. ಆಮೇಲೆ ಬಸಳೆ ಚಪ್ಪರದ ಅಡಿಯಲ್ಲಿ ಇನ್ನೂ ಕಾಣುವ ಹಳೆ ಕೆಂಪುಕಲ್ಲಿನ ಪಂಚಾಂಗದ (ತಳಪಾಯದ) ಸಾಲನ್ನು ಅಳೆದೆವು. ಹುಲ್ಲು ಸರಿಸಿ, ಬಳ್ಳಿ ಎತ್ತಿ ಹಿಡಿದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. 9.4 ಮೀಟರ್ ಉದ್ದ, 5 ಮೀಟರ್ ಅಗಲ. ಗುಣಿಸಿದರೆ ಸರಿಯಾಗಿ 47. ಆ ಅಂಕಿ ಬಂದಾಗ ತಮ್ಮ ಟೇಪನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ. ನಮಗೆ ಅಲ್ಲಿಯವರೆಗೆ ಅನುಮಾನ ಇತ್ತು, ಆಮೇಲೆ ಇರಲಿಲ್ಲ.

ಒಂದು ಬಿಳಿ ಹಾಳೆಯಲ್ಲಿ ನಕ್ಷೆ ಬಿಡಿಸಿ, ಪ್ರತಿ ಬದಿಯ ಅಳತೆ ಬರೆಯಿರಿ, ಉತ್ತರ ದಿಕ್ಕು ತೋರಿಸಿ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಟೇಪ್ ಹಿಡಿದ ಹಾಗೆ ಒಂದೆರಡು ಫೋಟೋ ಇರಲಿ. ಮನೆ ಕಟ್ಟುವಾಗ ಪಾಸಾದ ಪ್ಲಾನ್ ಇದ್ದರೆ ಅದರ ಪ್ರತಿ ಸೇರಿಸಿ. ವ್ಯತ್ಯಾಸ ದೊಡ್ಡದಿದ್ದರೆ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಸೂಪರ್‌ವೈಸರ್ ಕೈಯಲ್ಲಿ ಅಳತೆಯ ಪತ್ರ ಮಾಡಿಸುವುದು ಒಳ್ಳೆಯದು. ಚಿಕ್ಕ ವ್ಯತ್ಯಾಸಕ್ಕೆ ಅಷ್ಟು ಖರ್ಚು ಬೇಡ. ಸೋರುತ್ತದೆ ಅಂತ ತಾರಸಿಯ ಮೇಲೆ ಗೋಡೆ ಇಲ್ಲದೆ ಬರೀ ಶೀಟ್ ಹಾಕಿದ್ದರೆ ಅದನ್ನೂ ಫೋಟೋ ಸಮೇತ ಸ್ಪಷ್ಟವಾಗಿ ಬರೆಯಿರಿ, ಅದನ್ನು ಮೇಲಿನ ಮಹಡಿ ಅಂತ ಯಾರೂ ತಿಳಿಯದ ಹಾಗೆ.

ಚದರ ಅಡಿಯಲ್ಲಿ ಲೆಕ್ಕ ಇದ್ದರೆ 10.764ರಿಂದ ಭಾಗಿಸಿದರೆ ಚದರ ಮೀಟರ್ ಸಿಗುತ್ತದೆ. 1,000 ಚದರ ಅಡಿ ಅಂದರೆ 92.9.

ಇಷ್ಟೆಲ್ಲ ಮಾಡಿ ಉಳಿಯುವುದೆಷ್ಟು ಅಂತ ನೀವು ಕೇಳಬಹುದು. ಲೆಕ್ಕಕ್ಕೆ ದರ 8 ರೂಪಾಯಿ ಅಂತ ಇಟ್ಟುಕೊಳ್ಳೋಣ. 168 ಚದರ ಮೀಟರಿಗೆ ವರ್ಷಕ್ಕೆ ಮೂಲ ತೆರಿಗೆ 1,344. 121ಕ್ಕೆ 968. ವ್ಯತ್ಯಾಸ 376 ರೂಪಾಯಿ. ಪ್ರತಿ ವರ್ಷ 5% ಏರುತ್ತಾ ಹೋದರೆ ಹತ್ತು ವರ್ಷದಲ್ಲಿ ಅದು ಸುಮಾರು 4,700 ರೂಪಾಯಿ, ಸೆಸ್ ಬೇರೆ. ಅಡಿಕೆ ತೋಟದ ಆದಾಯದಲ್ಲಿ ಬದುಕುವ ಮನೆಗೆ ಇದು ಚಿಕ್ಕದಲ್ಲ. ಹಣಕ್ಕಿಂತಲೂ ದಾಖಲೆ ಸರಿ ಇರಬೇಕಾದದ್ದು ಮುಖ್ಯ. ನಾಳೆ ಸಾಲಕ್ಕೆ, ಪಾಲಿಗೆ, ಮಾರಾಟಕ್ಕೆ ಅಂತ ಹೋದಾಗ ಆಧಾರದಲ್ಲಿ (ಜಾಗದ ಕ್ರಯಪತ್ರದಲ್ಲಿ) ಒಂದು, ಪಂಚಾಯತಿನಲ್ಲಿ ಇನ್ನೊಂದು ಇದ್ದರೆ ಓಡಾಡುವವರು ನಮ್ಮ ಮಕ್ಕಳೇ.

ಅರ್ಜಿ, ಅದೂ ಕನ್ನಡದಲ್ಲಿ

ಕನ್ನಡದಲ್ಲಿ ಬರೆಯಬಹುದು. ಇದು ಯಾರೋ ಮಾಡುವ ಉಪಕಾರ ಅಲ್ಲ. ಸಂಕಟ ಹೇಳಿಕೊಳ್ಳುವ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಕೇರಳದ 1969ರ ಆಡಳಿತ ಭಾಷಾ ಕಾನೂನು ಕೂಡ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅನ್ನುತ್ತದೆ. ನನಗೆ ಕೌಂಟರಿನಲ್ಲಿ "ಮಲಯಾಳದಲ್ಲಿ ಬರೆದು ತನ್ನಿ" ಅಂದರು. ನಾನು ಜಗಳ ಮಾಡಲಿಲ್ಲ. "ಕನ್ನಡದ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂತ ಇದರಲ್ಲೇ ಬರೆದು ಸಹಿ ಹಾಕಿ ಕೊಡಿ ಮೇಡಂ" ಅಂತ ಮೆಲ್ಲಗೆ ಕೇಳಿದೆ. ಅರ್ಜಿ ಒಳಗೆ ಹೋಯಿತು.

ಅರ್ಜಿ ಒಂದೇ ಪುಟ ಸಾಕು. ನಾನು ಬರೆದದ್ದು ಹೆಚ್ಚು ಕಡಿಮೆ ಹೀಗೆ:

"ಸೆಕ್ರೆಟರಿಯವರಿಗೆ. ವಿಷಯ: ವಾರ್ಡ್ ಇಂತಿಷ್ಟು, ಮನೆ ನಂಬ್ರ ಇಂತಿಷ್ಟರ ತೆರಿಗೆ ನಿರ್ಣಯದಲ್ಲಿ ಆದ ತಪ್ಪನ್ನು ಸರಿಪಡಿಸುವ ಬಗ್ಗೆ. ಇಂಥ ತಾರೀಕಿನ ನೋಟೀಸು ನಮಗೆ ಇಂಥ ದಿನ ಸಿಕ್ಕಿದೆ. ಅದರಲ್ಲಿ ವಿಸ್ತೀರ್ಣ 168 ಚದರ ಮೀಟರ್ ಎಂದಿದೆ. ಈಗ ಇರುವ ಮನೆಯ ವಿಸ್ತೀರ್ಣ 121 ಚದರ ಮೀಟರ್. ಪಶ್ಚಿಮ ಬದಿಯ 47 ಚದರ ಮೀಟರ್ ಭಾಗ ಮಳೆಗೆ ಬಿದ್ದುಹೋಗಿದ್ದು ಈಗ ಅಲ್ಲಿ ಕಟ್ಟಡವಿಲ್ಲ. ಸ್ಥಳ ಪರಿಶೀಲನೆ ಮಾಡಿ, ನಮ್ಮ ಎದುರಿನಲ್ಲಿ ಅಳತೆ ತೆಗೆದು, ತೆರಿಗೆಯನ್ನು ಪರಿಷ್ಕರಿಸಬೇಕಾಗಿ ವಿನಂತಿ. ನಕ್ಷೆ, ಫೋಟೋ, ಹಿಂದಿನ ರಸೀದಿಗಳ ಪ್ರತಿ ಲಗತ್ತಿಸಿದ್ದೇನೆ."

ಸಿಟ್ಟಿನ ಮಾತು ಬೇಡ, ಹಳೆ ಕತೆಯೂ ಬೇಡ. ಏನು ಬರೆದಿದೆ, ಏನು ಇದೆ, ಏನು ಮಾಡಬೇಕು, ಇಷ್ಟೇ. "ನಮ್ಮ ಎದುರಿನಲ್ಲಿ" ಅನ್ನುವ ಮಾತು ಮಾತ್ರ ಬಿಡಬೇಡಿ. ಭಾಗ ಕೆಡವಿದ್ದು, ಬಿದ್ದದ್ದು, ಹೊಸದಾಗಿ ಸೇರಿಸಿದ್ದು, ಇವನ್ನು ತಿಳಿಸುವ ಫಾರ್ಮು ಪಂಚಾಯತಿನಲ್ಲೇ ಇರುತ್ತದೆ, ಅದನ್ನೂ ತುಂಬಿಸಿ ಕೊಡಿ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ರಸೀದಿ ನಂಬ್ರ ಸಮೇತ ಮನೆಗೆ ತನ್ನಿ. ಆ ಸೀಲು ಇಲ್ಲದ ಅರ್ಜಿ ಕೊಟ್ಟದ್ದೂ ಒಂದೇ, ಕೊಡದಿದ್ದದ್ದೂ ಒಂದೇ.

ಇನ್ನು, ತಕರಾರು ಇದೆ ಅಂತ ತೆರಿಗೆ ಕಟ್ಟುವುದನ್ನು ನಿಲ್ಲಿಸಬೇಡಿ. ಬಡ್ಡಿ ಬೆಳೆಯುತ್ತದೆ, ಬಾಕಿದಾರರ ಪಟ್ಟಿಗೆ ಹೆಸರು ಸೇರುತ್ತದೆ, ಬೇರೆ ಸರ್ಟಿಫಿಕೇಟು ಬೇಕಾದಾಗ ತಡೆ ಬರುತ್ತದೆ. "ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಅಂತ ಒಂದು ಸಾಲಿನ ಪತ್ರ ಕೊಟ್ಟು ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಪರಿಶೀಲನೆಗೆ ಬಂದ ದಿನ

ನಮ್ಮಲ್ಲಿಗೆ ಬರಲು ಐದು ವಾರ ಆಯಿತು. ನಡುವೆ ಎರಡು ಸಲ ಹೋಗಿ ಫೈಲು ಎಲ್ಲಿದೆ ಅಂತ ಕೇಳಿ ಬಂದೆ. ವಾರ್ಡಿನ ಮೆಂಬರಿಗೂ ವಿಷಯ ತಿಳಿಸಿದೆ, ಅವರ ಒಂದು ಫೋನು ಬಹಳ ಸಹಾಯ ಮಾಡಿತು. ಬಂದವರು ಒಳ್ಳೆಯವರೇ. ಚಪ್ಪರದ ಅಡಿಗೆ ಬಗ್ಗಿ ಹೋಗಿ, ಹಳೆ ಪಂಚಾಂಗವನ್ನು ಬೂಟಿನ ತುದಿಯಲ್ಲಿ ತಟ್ಟಿ ನೋಡಿ, ಅಲ್ಲೇ ನಿಂತು ಬರೆದುಕೊಂಡರು. ಅಮ್ಮ ಒಂದು ಹಿಡಿ ಬಸಳೆ ಕೊಯ್ದು ಕೊಡಲು ಹೋದರು, ಅವರು ಬೇಡ ಅಂದರು.

ಅಳೆಯುವಾಗ ನೀವೂ ಟೇಪಿನ ಒಂದು ತುದಿ ಹಿಡಿಯಿರಿ. ಅವರು ಬರೆದ ಅಂಕಿಯನ್ನು ನಿಮ್ಮ ನಕ್ಷೆಯ ಜೊತೆ ಅಲ್ಲೇ ಹೋಲಿಸಿ. ವ್ಯತ್ಯಾಸ ಇದ್ದರೆ ಆ ಬದಿಯನ್ನು ಇನ್ನೊಮ್ಮೆ ಅಳೆಯಲು ಕೇಳಿ. ಅವರು ಹೋದ ಮೇಲೆ ಹೇಳಿ ಪ್ರಯೋಜನ ಇಲ್ಲ. ಹಾಗೆಯೇ ನೀವು ಹೊಸದಾಗಿ ಕಟ್ಟಿದ ಕೋಣೆ ಲೆಕ್ಕಕ್ಕೆ ಸೇರದೆ ಉಳಿದಿದ್ದರೆ ಅದೂ ಈ ಅಳತೆಯಲ್ಲಿ ಬರುತ್ತದೆ ಅನ್ನುವುದು ತಿಳಿದಿರಲಿ. ಅಂಥದ್ದಿದ್ದರೆ ಮೊದಲೇ ನೀವಾಗಿ ತಿಳಿಸುವುದು ಮರ್ಯಾದೆ. ಮನೆಗೆ "ಯುಎ" ಅಂತ ಶುರುವಾಗುವ ನಂಬ್ರ ಇದ್ದರೆ ಅದು ಅನಧಿಕೃತ ಕಟ್ಟಡದ ನಂಬ್ರ. ತೆರಿಗೆ ಜಾಸ್ತಿ ಬರುವುದು ಅದರಿಂದಲೇ. ಅದಕ್ಕೆ ಅಪೀಲಲ್ಲ, ಕಟ್ಟಡವನ್ನು ಸಕ್ರಮ ಮಾಡಿಸುವುದು ದಾರಿ.

ಸೆಕ್ರೆಟರಿ ಒಪ್ಪದಿದ್ದರೆ

ಸೆಕ್ರೆಟರಿಯ ತೆರಿಗೆ ನಿರ್ಣಯದ ವಿರುದ್ಧ ಅಪೀಲು ಹೋಗುವುದು ಪಂಚಾಯತಿನ ಹಣಕಾಸು ಸ್ಥಾಯಿ ಸಮಿತಿಗೆ. ಗ್ರಾಮ ಪಂಚಾಯತಿನಲ್ಲಿ ಉಪಾಧ್ಯಕ್ಷರೇ ಇದರ ಅಧ್ಯಕ್ಷರು. ನೋಟೀಸು ಅಥವಾ ಆದೇಶ ಸಿಕ್ಕಿದ 30 ದಿನದ ಒಳಗೆ ಕೊಡಬೇಕು. ಸೆಕ್ರೆಟರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿ ಅಂತ ಕಾದು ಕೂತರೆ ಈ ಅವಧಿ ಮುಗಿದುಹೋಗಬಹುದು, ಹಾಗಾಗಿ ನಾನು ನೋಟೀಸಿನ 26ನೇ ದಿನ ಅಪೀಲನ್ನೂ ಬರೆದು ಕೊಟ್ಟೆ. ನೀವು ಅಷ್ಟು ಕೊನೆಯವರೆಗೆ ಬಿಡಬೇಡಿ. ಸೆಕ್ರೆಟರಿಗೆ ಕೊಟ್ಟ ಅರ್ಜಿಯ ಸೀಲು ಹಾಕಿದ ಪ್ರತಿ, ನಕ್ಷೆ, ಫೋಟೋ, ರಸೀದಿ ಎಲ್ಲ ಇದಕ್ಕೂ ಲಗತ್ತಿಸಿ. ವಿಚಾರಣೆಗೆ ಕರೆದರೆ ಮೂಲ ದಾಖಲೆಗಳನ್ನು ಹಿಡಿದು ಹೋಗಿ. ಎರಡು ನಿಮಿಷದಲ್ಲಿ ಹೇಳಿ ಮುಗಿಸಿ. ಅವರ ಮುಂದೆ ನಕ್ಷೆ ಇಡುವುದು ಹತ್ತು ಮಾತಿಗಿಂತ ಮೇಲು.

ಅಲ್ಲೂ ಆಗದಿದ್ದರೆ ಸ್ಥಳೀಯಾಡಳಿತ ಸಂಸ್ಥೆಗಳ ಟ್ರಿಬ್ಯೂನಲ್ ಇದೆ, ತಿರುವನಂತಪುರದಲ್ಲಿ. ಸಮಿತಿಯ ಆದೇಶ ಸಿಕ್ಕಿದ 30 ದಿನದ ಒಳಗೆ ಅಲ್ಲಿಗೆ ಹೋಗಬೇಕು. ಅಷ್ಟು ದೂರದ ಕೆಲಸಕ್ಕೆ ವಕೀಲರ ಸಹಾಯ ತೆಗೆದುಕೊಳ್ಳುವುದೇ ಸರಿ, ಕಾಗದಗಳೂ ಮಲಯಾಳಕ್ಕೋ ಇಂಗ್ಲಿಷಿಗೋ ಆಗಬೇಕಾಗುತ್ತದೆ. ಒಂದು ವಾಸದ ಮನೆಯ ಕೆಲವು ನೂರು ರೂಪಾಯಿಯ ವ್ಯತ್ಯಾಸಕ್ಕೆ ಅಲ್ಲಿವರೆಗೆ ಹೋಗುವುದು ಲಾಭವಲ್ಲ ಅಂತ ನನ್ನ ಅನಿಸಿಕೆ. ಅಂಗಡಿ, ಬಾಡಿಗೆ ಕಟ್ಟಡ, ಹಾಲ್ ಇಂಥದ್ದಾದರೆ ಬೇರೆ ಮಾತು. ಅರ್ಜಿಯನ್ನು ನೋಡದೆಯೇ ವರ್ಷಗಟ್ಟಲೆ ಇಟ್ಟುಕೊಂಡರೆ, ಲಂಚ ಕೇಳಿದರೆ, ಅದಕ್ಕೆ ಸ್ಥಳೀಯಾಡಳಿತ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ ಇದ್ದಾರೆ. ಅಪೀಲಿನ ಬದಲಿಗೆ ಅಲ್ಲಿಗೆ ಹೋಗಬಾರದು, ಅದು ಬೇರೆಯೇ ದಾರಿ.

ಆದೇಶ ಕೈಗೆ ಬಂದ ಮೇಲೆ

ನಮಗೆ ಸಮಿತಿಯ ವಿಚಾರಣೆಯ ಮೊದಲೇ ಸೆಕ್ರೆಟರಿಯ ಪರಿಷ್ಕೃತ ಆದೇಶ ಬಂತು. ಆದೇಶ ಬಂದರೆ ಕೆಲಸ ಮುಗಿಯಿತು ಅಂತ ತಿಳಿಯಬೇಡಿ. ಕಾಗದದಲ್ಲಿ ಸರಿಯಾದರೂ ಕಂಪ್ಯೂಟರಿನಲ್ಲಿ ಹಳೆ ಅಂಕಿಯೇ ಉಳಿಯಬಹುದು. ನಮ್ಮದೂ ಹಾಗೇ ಆಗಿತ್ತು. ಆದೇಶದ ಪ್ರತಿ ಹಿಡಿದುಕೊಂಡು ಹೋಗಿ, ಸಂಬಂಧಪಟ್ಟ ಕ್ಲರ್ಕಿನ ಮೇಜಿನ ಹತ್ತಿರ ನಿಂತು, ಪರದೆಯಲ್ಲಿ 121 ಅಂತ ಬರುವವರೆಗೆ ಕಾದೆ. ಜಾಸ್ತಿ ಕಟ್ಟಿದ ಹಣವನ್ನು ಮುಂದಿನ ಅರ್ಧವರ್ಷದ ತೆರಿಗೆಗೆ ಹೊಂದಿಸಿಕೊಡಿ ಅಂತ ಅಲ್ಲೇ ಇನ್ನೊಂದು ಅರ್ಜಿ ಬರೆದು ಕೊಟ್ಟೆ. ಒಂದು ವಾರ ಬಿಟ್ಟು ಅಕ್ಷಯ ಕೇಂದ್ರದಲ್ಲಿ ಹೊಸ ಒಡೆತನ ಪತ್ರ ತೆಗೆಸಿದೆ. ಆ ಪತ್ರ, ಆದೇಶ, ನಾವು ಬಿಡಿಸಿದ ನಕ್ಷೆ, ಮೂರನ್ನೂ ಮನೆಯ ಆಧಾರದ ಜೊತೆ ಒಂದೇ ಫೈಲಿನಲ್ಲಿ ಹಾಕಿ ಕಪಾಟಿನಲ್ಲಿಟ್ಟಿದ್ದೇನೆ. ಕ್ಯಾಲೆಂಡರಿನ ಹಿಂದೆ ಈಗ ಏನೂ ಇಡುವುದಿಲ್ಲ, ಪಂಚಾಯತಿನ ಕಾಗದ ಬಂದ ದಿನವೇ ಅಮ್ಮ ಫೋನು ಮಾಡುತ್ತಾರೆ.